ಬಸಿರಲ್ಲಿ ಶುಗರ್ ಬಂದಿತ್ತಾ? ಹೆರಿಗೆ ಆದ ಮೇಲೆ ಮತ್ತೆ ಟೆಸ್ಟ್ ಮಾಡಿಸಿದ್ರಾ?

ಸಂಪಿಗೆಮರ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ಒಂದು ವಾರದಿಂದ ಬರೆಯಬೇಕು ಅಂದುಕೊಳ್ಳುತ್ತಿದ್ದೆ. ಇವತ್ತು ಮಗಳನ್ನು ಮಲಗಿಸಿ ಕೂತಿದ್ದೇನೆ.

ನನಗೆ 33 ವರ್ಷ. ಈ ಮಳೆಗಾಲದಲ್ಲಿ ಕಾಲ್ಬೆರಳ ಸಂದಿಯಲ್ಲಿ ಕೆಸರುಹುಣ್ಣು ಆಯಿತು. ನಮ್ಮ ಕಡೆ ಅದೇನೂ ಹೊಸದಲ್ಲ. ಕೊಬ್ಬರಿಎಣ್ಣೆಗೆ ಅರಿಶಿನ ಕಲಸಿ ಹಚ್ಚಿದರೆ ನಾಲ್ಕು ದಿನಕ್ಕೆ ಒಣಗುತ್ತದೆ. ಈ ಸಲ ಮೂರು ವಾರ ಆದರೂ ಒಣಗಲಿಲ್ಲ. ಡಾಕ್ಟರ್ ಕಾಲು ನೋಡಿದವರೇ, ಮುಲಾಮು ಬರೆಯುವ ಮೊದಲು ಶುಗರ್ ನೋಡಿಸಿ ಅಂದರು. ಖಾಲಿ ಹೊಟ್ಟೆಯಲ್ಲಿ 187. ತಿಂಡಿ ತಿಂದು ಎರಡು ಗಂಟೆಗೆ 291.

"ಬಸುರಿಯಾಗಿದ್ದಾಗ ಶುಗರ್ ಇತ್ತೇನಮ್ಮಾ?" ಅಂತ ಕೇಳಿದರು. "ಇತ್ತು ಸರ್, ಹೆರಿಗೆ ಆದ ಮೇಲೆ ಹೋಯ್ತು" ಅಂದೆ. "ಆಮೇಲೆ ಯಾವಾಗ ಟೆಸ್ಟ್ ಮಾಡಿಸಿದ್ದಿರಿ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಮನೆಗೆ ಬಂದು ಬೀರುವಿನಿಂದ ತಾಯಿ ಕಾರ್ಡ್ ತೆಗೆದೆ. ಮಗಳ ಲಸಿಕೆಯ ಪುಟ ತುಂಬಿಹೋಗಿದೆ. ಒಂದೂ ತಪ್ಪದೆ ತಾರೀಕು, ಸಹಿ. ನನ್ನ ಪುಟದಲ್ಲಿ 26ನೇ ವಾರದ ಸಾಲಿನಲ್ಲಿ ನೀಲಿ ಪೆನ್ನಿನಲ್ಲಿ 168 ಅಂತ ಬರೆದು ಸುತ್ತ ಗೆರೆ ಎಳೆದಿದ್ದಾರೆ. ಹೆರಿಗೆಯ ತಾರೀಕು ಆದ ಮೇಲೆ ನನ್ನ ಬಗ್ಗೆ ಒಂದಕ್ಷರವೂ ಇಲ್ಲ. ಆ ಎರಡು ಪುಟ ಪಕ್ಕಪಕ್ಕ ಇಟ್ಟುಕೊಂಡು ತುಂಬಾ ಹೊತ್ತು ಕೂತಿದ್ದೆ.

ಆಗ ನಾನು ಬಹಳ ಕಟ್ಟುನಿಟ್ಟಾಗಿದ್ದೆ. ಸಿಹಿ ಮುಟ್ಟಲಿಲ್ಲ, ದಿನಾ ನಡೆದೆ, ಬೆರಳು ಚುಚ್ಚಿ ಬರೆದಿಟ್ಟೆ. ಮಗಳು 3.6 ಕೆಜಿ ಹುಟ್ಟಿದಳು. ಮಾರನೇ ದಿನ ಶುಗರ್ ನೋಡಿ "ನಾರ್ಮಲ್ ಇದೆ, ಇನ್ನು ಚಿಂತೆ ಬಿಡಿ" ಅಂದರು. ಆ ಮಾತಿನ ಮೇಲೆ ಐದು ವರ್ಷ ಕಳೆದೆ. ನಡುವೆ ಬಾಯಾರಿಕೆ, ಸುಸ್ತು ಎಲ್ಲಾ ಇತ್ತು. ಸಣ್ಣ ಮಗು ಇರುವವರಿಗೆ ಯಾರಿಗೆ ಸುಸ್ತಾಗಲ್ಲ ಅಂತ ಸುಮ್ಮನಿದ್ದೆ.

ನಿಮ್ಮಲ್ಲಿ ಯಾರ್ಯಾರಿಗೆ ಬಸಿರಲ್ಲಿ ಶುಗರ್ ಬಂದಿತ್ತು? ಆಮೇಲೆ ಟೆಸ್ಟ್ ಆಗಿದೆಯಾ? ಆಗದಿದ್ದರೆ ದಯವಿಟ್ಟು ಈ ವಾರವೇ ಮಾಡಿಸಿ. ಇದನ್ನು ಹೇಳೋಕೇ ಬರೆದೆ.

ಏಳನೇತಿಂಗಳು, ತುಮಕೂರು

ಅಕ್ಕ, ಓದಿ ಕೈಕಾಲು ತಣ್ಣಗಾಯಿತು. ನನಗೆ 27 ವಾರ, ಮೊದಲನೇ ಮಗು. ಸೋಮವಾರ ಆಸ್ಪತ್ರೆಯಲ್ಲಿ ಗ್ಲೂಕೋಸ್ ನೀರು ಕುಡಿಸಿ ಎರಡು ಗಂಟೆ ಕೂರಿಸಿದರು. 152 ಬಂತು. ಬೆಳಿಗ್ಗೆ ಇಡ್ಲಿ ತಿಂದು ಹೋಗಿದ್ದೆ. ಹಿಂದಿನ ದಿನ ಸೀಮಂತ ಇತ್ತು, ಹೋಳಿಗೆ ತಿಂದಿದ್ದೆ. ಅದಕ್ಕೇ ಜಾಸ್ತಿ ಬಂದಿದೆ, ಇನ್ನೊಂದು ಕಡೆ ಮಾಡಿಸೋಣ ಅಂತ ಅಮ್ಮ ಹೇಳ್ತಿದ್ದಾರೆ. ಇದು ಜೀವನಪೂರ್ತಿ ಇರುತ್ತಾ? ಮಗುಗೆ ಏನಾದರೂ ಆಗುತ್ತಾ? ರಾತ್ರಿ ನಿದ್ದೆ ಬರ್ತಿಲ್ಲ.

ಹಳೇಸಿಸ್ಟರ್

ಸರಕಾರಿ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ 31 ವರ್ಷ ಕೆಲಸ ಮಾಡಿ ನಿವೃತ್ತಿಯಾದವಳು ನಾನು. ಏಳನೇತಿಂಗಳು, ಮೊದಲು ನಿನಗೆ ಹೇಳುತ್ತೇನೆ ತಾಯಿ, ಹೆದರಬೇಡ. ನಿನಗೆ ಸರಿಯಾದ ಹೊತ್ತಿಗೆ ಗೊತ್ತಾಗಿದೆ.

ನಿನ್ನೆ ತಿಂದ ಹೋಳಿಗೆಯಿಂದ ಇವತ್ತು 152 ಬರುವುದಿಲ್ಲ. ನಮ್ಮ ದೇಶದ ಸರಕಾರಿ ಕ್ರಮದಲ್ಲಿ ಈ ಟೆಸ್ಟನ್ನು ಹೊಟ್ಟೆ ಖಾಲಿ ಇದ್ದರೂ, ತಿಂದಿದ್ದರೂ ಮಾಡಬಹುದು. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಗೆ ರಕ್ತ ನೋಡುತ್ತಾರೆ. 140 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಬಸಿರಿನ ಶುಗರ್. ಹಳ್ಳಿಯಿಂದ ಎರಡು ಬಸ್ಸು ಬದಲಿಸಿ ಬರುವ ಬಸುರಿಗೆ "ಖಾಲಿ ಹೊಟ್ಟೆಯಲ್ಲಿ ನಾಳೆ ಬಾ" ಅಂದರೆ ಅವಳು ಮತ್ತೆ ಬರುವುದಿಲ್ಲ. ಅದನ್ನು ಅರ್ಥ ಮಾಡಿಕೊಂಡು ಈ ಕ್ರಮಕ್ಕಾಗಿ ಹೋರಾಡಿದವರು ಚೆನ್ನೈನ ಡಾ. ವಿ. ಶೇಷಯ್ಯ. ಅವರ ಹುಟ್ಟುಹಬ್ಬ ಮಾರ್ಚ್ 10. ಅದನ್ನೇ ದೇಶದಲ್ಲಿ ಬಸಿರಿನ ಮಧುಮೇಹದ ಜಾಗೃತಿ ದಿನ ಅಂತ ಆಚರಿಸುತ್ತಾರೆ. ಕೇಂದ್ರ ಸರಕಾರ 2014ರಲ್ಲಿ ಕೊಟ್ಟು 2018ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಲ್ಲಿ ಇದೇ ಇದೆ. ಮೊದಲ ಭೇಟಿಯಲ್ಲೇ ಒಂದು ಸಲ, ಅದು ಸರಿ ಇದ್ದರೆ 24ರಿಂದ 28ನೇ ವಾರದೊಳಗೆ ಇನ್ನೊಂದು ಸಲ.

ಯಾಕೆ ಬರುತ್ತದೆ? ಮಗು ಬೆಳೆದ ಹಾಗೆ ಮಾಸು ಹಾರ್ಮೋನುಗಳನ್ನು ಬಿಡುತ್ತದೆ. ಮಗುವಿಗೆ ಊಟ ಚೆನ್ನಾಗಿ ಸಿಗಲಿ ಅಂತ ಅವು ತಾಯಿಯ ಇನ್ಸುಲಿನ್ ಕೆಲಸವನ್ನು ತಡೆಯುತ್ತವೆ. ಎಲ್ಲಾ ಬಸುರಿಯರಲ್ಲೂ ಹೀಗೆ ಆಗುತ್ತದೆ. ಮೇದೋಜೀರಕ ಗ್ರಂಥಿ ಜಾಸ್ತಿ ಇನ್ಸುಲಿನ್ ಮಾಡಿ ಸರಿದೂಗಿಸುತ್ತದೆ. ಕೆಲವರಲ್ಲಿ ಅಷ್ಟು ಶಕ್ತಿ ಇರುವುದಿಲ್ಲ, ಶುಗರ್ ಏರುತ್ತದೆ. ಆ ಸಕ್ಕರೆ ಮಗುವಿಗೂ ಹೋಗುತ್ತದೆ. ತಾಯಿಯ ಇನ್ಸುಲಿನ್ ಮಾತ್ರ ಮಾಸು ದಾಟುವುದಿಲ್ಲ. ಆಗ ಮಗು ತಾನೇ ಇನ್ಸುಲಿನ್ ಜಾಸ್ತಿ ಮಾಡಿ ದಪ್ಪ ಬೆಳೆಯುತ್ತದೆ. ಹೆರಿಗೆ ಕಷ್ಟ ಆಗುತ್ತದೆ. ಹುಟ್ಟಿದ ಕೂಡಲೇ ಹೊಕ್ಕುಳಬಳ್ಳಿ ಕತ್ತರಿಸಿದಾಗ ತಾಯಿಯಿಂದ ಬರುತ್ತಿದ್ದ ಸಕ್ಕರೆ ನಿಲ್ಲುತ್ತದೆ, ಮಗುವಿನ ಮೈಯಲ್ಲಿ ಇನ್ಸುಲಿನ್ ಇನ್ನೂ ಇರುತ್ತದೆ. ಶುಗರ್ ಸರ್ರನೆ ಇಳಿಯುತ್ತದೆ. ಅದಕ್ಕೇ ನಾವು ಎಳೆಗೂಸಿನ ಹಿಮ್ಮಡಿ ಚುಚ್ಚಿ ನೋಡುವುದು, ಒಂದು ಗಂಟೆಯೊಳಗೆ ಎದೆಹಾಲು ಕುಡಿಸುವುದು. ಹಿಮ್ಮಡಿ ಚುಚ್ಚಿದರೆ ಮನೆಯವರು ಗಲಾಟೆ ಮಾಡುತ್ತಾರೆ. ಮಾಡಬೇಡಿ.

ನಿನಗೆ ಮೊದಲು ಎರಡು ವಾರ ಊಟ, ನಡಿಗೆ ಹೇಳುತ್ತಾರೆ. ಆಮೇಲೆ ಊಟವಾಗಿ ಎರಡು ಗಂಟೆಗೆ 120ರ ಒಳಗೆ ಬಂದರೆ ಅಷ್ಟೇ ಸಾಕು. ಬಹಳ ಜನಕ್ಕೆ ಅಷ್ಟರಲ್ಲೇ ಆಗುತ್ತದೆ.

ಸಂಪಿಗೆಮರ, ನಿಮ್ಮ ಪತ್ರ ಓದಿ ನನಗೆ ನೋವಾಯಿತು. ಮಾಸು ಹೊರಗೆ ಬಂದ ಕೂಡಲೇ ಶುಗರ್ ಇಳಿಯುವುದು ನಿಜ. ಆದರೆ ಆ ಭಾರ ಹೊರಲಾಗದ ಗ್ರಂಥಿ ಅದೇ ತಾನೇ? ಆಗುಂಬೆ ಘಾಟಿ ಹತ್ತುವಾಗ ಎಂಜಿನ್ ಬಿಸಿಯಾಗಿ ನಿಂತ ಬಸ್ಸು ಬಯಲಿಗೆ ಬಂದರೆ ಸಲೀಸಾಗಿ ಓಡುತ್ತದೆ. ಹಾಗಂತ ಡ್ರೈವರ್ ಅದನ್ನು ಡಿಪೋದಲ್ಲಿ ತೋರಿಸದೆ ಬಿಡುತ್ತಾನಾ? ನಾನೂ ಎಷ್ಟೋ ತಾಯಂದಿರಿಗೆ ಡಿಸ್ಚಾರ್ಜ್ ದಿನ "ಹೋಯ್ತಮ್ಮ, ಆರಾಮಾಗಿರಿ" ಅಂದು ಕಳಿಸಿದ್ದೇನೆ. ಆಗ ನಮಗೂ ಯಾರೂ ಹೇಳಿಕೊಟ್ಟಿರಲಿಲ್ಲ. ಅವರಲ್ಲಿ ಎಷ್ಟು ಜನ ನಿಮ್ಮ ಹಾಗೆ ಆದರೋ ಅಂತ ಈಗ ಯೋಚನೆ ಬರುತ್ತದೆ.

ಧಾರವಾಡದಾಕಿ

ಸಿಸ್ಟರ್ ಹೇಳಿದ್ದು ಖರೇ ಐತ್ರಿ. ಆದರೆ ನಮ್ಮ ಮನೆಗಳಲ್ಲಿ ಏನಾಗುತ್ತದೆ ಅಂತಾನೂ ಬರೀಬೇಕು.

ನನಗೆ ಆರು ವಾರಕ್ಕೆ ಬಂದು ಟೆಸ್ಟ್ ಮಾಡಿಸಿ ಅಂತ ಡಾಕ್ಟರ್ ಬರೆದುಕೊಟ್ಟಿದ್ದರು. ಆ ಚೀಟಿ ಹಾಸಿಗೆ ಕೆಳಗೆ ಇತ್ತು. ಬಾಣಂತನ ತವರಲ್ಲಿ. ಬಾಣಂತಿ ಹೊರಗೆ ಗಾಳಿಗೆ ಹೋಗಬಾರದು, ತಲೆಗೆ ಬಟ್ಟೆ ಕಟ್ಟಿಕೊಂಡೇ ಇರಬೇಕು. ಬೆಳಿಗ್ಗೆ ಒಂದು ಅಂಟಿನ ಉಂಡಿ, ಸಂಜೆ ಒಂದು. ಬೆಲ್ಲ, ಕೊಬ್ಬರಿ, ತುಪ್ಪ, ಉತ್ತತ್ತಿ. ಎರಡು ಹೊತ್ತು ಬಿಳಿ ಅನ್ನಕ್ಕೆ ತುಪ್ಪ. ಅವ್ವ ಪ್ರೀತಿಯಿಂದ ಮಾಡಿದ್ದು, ಬೇಡ ಅಂದರೆ ಅಳುತ್ತಾಳೆ. "ಹಾಲು ಬರಬೇಕಲ್ಲ, ಸೊಂಟ ಗಟ್ಟಿಯಾಗಬೇಕಲ್ಲ" ಅಂತಾಳೆ. ಒಂಬತ್ತು ತಿಂಗಳು ಬೇಡ ಅಂದಿದ್ದೆಲ್ಲ ನಲವತ್ತು ದಿನದಲ್ಲಿ ತಿನ್ನಿಸಿದರು. ಶುಗರ್ ಹೋಯ್ತಲ್ಲ ಅಂತ!

ಟೆಸ್ಟ್ ವಿಷಯ ತೆಗೆದರೆ ಅಪ್ಪ "ಆರಾಮ ಇದ್ದಾಕಿಗೆ ಯಾತರ ಟೆಸ್ಟ್" ಅಂದರು. ಗಂಡನ ಮನೆಗೆ ಬಂದ ಮೇಲೆ ಯಾರಿಗೂ ನೆನಪಿರಲಿಲ್ಲ, ನನಗೂ. ಮಗನಿಗೆ ಎರಡು ವರ್ಷ ತುಂಬಿದ ಮೇಲೆ ಮಾಡಿಸಿದೆ. ಖಾಲಿ ಹೊಟ್ಟೆ 118. ಶುಗರ್ ಆಗಿಲ್ಲ, ಆದರೆ ಹೊಸ್ತಿಲ ಮೇಲೆ ಇದ್ದೀರಿ ಅಂದರು ಡಾಕ್ಟರ್. ಈಗ ದಿನಾ ಮುಂಜಾನೆ ಒಂದು ತಾಸು ನಡೆಯುತ್ತೇನೆ. ಏಳು ಕೆಜಿ ಇಳಿದಿದ್ದೇನೆ.

ಕಾಫಿತೋಟ, ಸಕಲೇಶಪುರ

ಬೇಜಾರು ಮಾಡಿಕೊಳ್ಳಬೇಡಿ, ಮನಸ್ಸಿನಲ್ಲಿ ಇರೋದನ್ನ ಹೇಳ್ತೀನಿ. ನಮ್ಮಜ್ಜಿ ಒಂಬತ್ತು ಹೆತ್ತರು. ಒಂದು ಟೆಸ್ಟೂ ಇಲ್ಲ. ತೊಂಬತ್ತು ವರ್ಷ ಗಟ್ಟಿಯಾಗಿದ್ದರು. ಈಗ ಬಸುರಿ ಅಂದರೆ ತಿಂಗಳಿಗೊಂದು ಟೆಸ್ಟು. ಎಲ್ಲರಿಗೂ ಏನಾದರೊಂದು ಕಾಯಿಲೆ ಹೆಸರು ಅಂಟಿಸಿ ಕಳಿಸ್ತಾರೆ. ಹೆದರಿಸಿ ದುಡ್ಡು ಮಾಡೋದು ಜಾಸ್ತಿ ಆಗಿದೆ ಅಂತ ನನಗನಿಸುತ್ತೆ.

ದೊಡ್ಡಮ್ಮ, ಉಡುಪಿ

ಮಗಾ, ನಾನು 74 ವರ್ಷದವಳು. ನಿನ್ನ ಅಜ್ಜಿ ಪುಣ್ಯವಂತೆ.

ನನ್ನ ಅಕ್ಕನ ವಿಷಯ ಹೇಳುತ್ತೇನೆ. 1972. ಮೂರನೇ ಬಸುರಿ. ಹೊಟ್ಟೆ ಎಷ್ಟು ದೊಡ್ಡದಿತ್ತು ಅಂದರೆ ಅವಳಿ ಇರಬೇಕು ಅಂತ ಎಲ್ಲರೂ ಹೇಳುತ್ತಿದ್ದರು. ಒಂಬತ್ತು ತುಂಬಿ ಹತ್ತು ದಿನ ಆಗಿತ್ತು. ಒಂದು ಬೆಳಿಗ್ಗೆ ಬಾವಿಕಟ್ಟೆಯ ಹತ್ತಿರ ಕೊಡ ಇಳಿಸಿ "ನಿನ್ನೆಯಿಂದ ಮಗು ಅಲ್ಲಾಡುವುದಿಲ್ಲ" ಅಂದಳು. ಹುಟ್ಟಿದ್ದು ಗಂಡು. ತೂಗಿದರೆ ನಾಲ್ಕೂವರೆ ಕೆಜಿ. ಉಸಿರಿರಲಿಲ್ಲ. ದೃಷ್ಟಿ ಬಿತ್ತು ಅಂದರು, ದೇವರು ಕೊಟ್ಟು ಕಸಿದುಕೊಂಡ ಅಂದರು. ಅಕ್ಕ ತಾನು ನಡೆದಾಡಿದ್ದೇ ತಪ್ಪು ಅಂತ ನಂಬಿ ಕೊರಗಿದಳು. ನಲವತ್ತು ತುಂಬುವ ಮೊದಲೇ ಅವಳಿಗೆ ಸಕ್ಕರೆ ಕಾಯಿಲೆ ಅಂತ ಗೊತ್ತಾಯಿತು. 58ಕ್ಕೆ ಕಣ್ಣು ಪೂರ್ತಿ ಹೋಗಿತ್ತು. ಆ ಮಗುವಿಗೂ ಈ ಕಾಯಿಲೆಗೂ ಸಂಬಂಧ ಇರಬಹುದು ಅಂತ ನಮಗೆ ಹೇಳಿದ್ದು ಬಹಳ ವರ್ಷದ ನಂತರ, ನನ್ನ ಸೊಸೆಯನ್ನು ನೋಡುತ್ತಿದ್ದ ಡಾಕ್ಟರು.

ಆಗ ಟೆಸ್ಟ್ ಇರಲಿಲ್ಲ ಮಗಾ. ಕಾಯಿಲೆ ಇತ್ತು.

ಮೈಸೂರುಮಲ್ಲಿಗೆತೋಟ

ದೊಡ್ಡಮ್ಮ, ಓದಿ ಕಣ್ಣು ತುಂಬಿತು.

ಕಾಫಿತೋಟ ಅವರೇ, ಇದು ದೂರದ ದೇಶದ ಲೆಕ್ಕ ಅಂತ ಅನಿಸಬಾರದು ಅಂತ ನಮ್ಮ ಮೈಸೂರಿನದ್ದೇ ಹೇಳುತ್ತೇನೆ. ನಾನು ಸಾರ್ವಜನಿಕ ಆರೋಗ್ಯ ಓದಿದವಳು, ಈ ಅಧ್ಯಯನ ನಮಗೆ ಪಾಠದಲ್ಲೇ ಇತ್ತು. ಇಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಜನರ ಬಾಯಲ್ಲಿ ಮಿಷನ್ ಆಸ್ಪತ್ರೆ, ಅಲ್ಲಿ 1997-98ರಲ್ಲಿ ಬಸುರಿಯರಿಗೆ ಗ್ಲೂಕೋಸ್ ಟೆಸ್ಟ್ ಮಾಡಿದರು. ನೂರಕ್ಕೆ ಆರು ಜನಕ್ಕೆ ಬಸಿರಿನ ಶುಗರ್ ಇತ್ತು. ಅಷ್ಟಕ್ಕೇ ಬಿಡದೆ, ಐದು ವರ್ಷ ಆದ ಮೇಲೆ ಅದೇ ತಾಯಂದಿರನ್ನು ಮತ್ತೆ ಕರೆದು ನೋಡಿದರು. ಬಸಿರಲ್ಲಿ ಶುಗರ್ ಇದ್ದವರಲ್ಲಿ ನೂರಕ್ಕೆ 37 ಜನಕ್ಕೆ ಮಧುಮೇಹ ಆಗಿತ್ತು. ಇಲ್ಲದವರಲ್ಲಿ ನೂರಕ್ಕೆ 2. ಶುಗರ್ ಇದ್ದವರ ಗುಂಪು ಚಿಕ್ಕದು, ಅದನ್ನು ಒಪ್ಪುತ್ತೇನೆ. ಆದರೆ 37 ಎಲ್ಲಿ, 2 ಎಲ್ಲಿ? ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟು ಸೇರಿಸಿ 2009ರಲ್ಲಿ ನೋಡಿದಾಗ ಅಪಾಯ ಏಳು ಪಟ್ಟು ಹೆಚ್ಚು ಅಂತ ಬಂತು. 2020ರಲ್ಲಿ ಇನ್ನೂ ದೊಡ್ಡ ಲೆಕ್ಕ ಹಾಕಿದಾಗ ಸುಮಾರು ಹತ್ತು ಪಟ್ಟು.

ಆ ಮೈಸೂರಿನ ಮಕ್ಕಳನ್ನೂ ಬೆಳೆಯುತ್ತಾ ನೋಡಿಕೊಂಡು ಬಂದರು. ಒಂಬತ್ತೂವರೆ ವರ್ಷದ ಹೊತ್ತಿಗೆ, ಶುಗರ್ ಇದ್ದ ತಾಯಂದಿರ ಮಕ್ಕಳ ಮೈಯಲ್ಲಿ ಕೊಬ್ಬು ಜಾಸ್ತಿ, ಇನ್ಸುಲಿನ್ ಸರಿಯಾಗಿ ನಾಟದಿರುವುದೂ ಜಾಸ್ತಿ. ಅಂದರೆ ಇದು ತಾಯಿಯ ಹತ್ತಿರವೇ ನಿಲ್ಲುವ ಮಾತಲ್ಲ.

ಹೆಸರು ಅಂಟಿಸುತ್ತಾರೆ ಅಂದಿರಿ. ಹೆಸರು ಇಟ್ಟು ಮರೆತುಬಿಡುತ್ತಾರೆ ಅನ್ನುವುದು ನನ್ನ ದೂರು.

ಲ್ಯಾಬ್‌ಕೆಲಸ, ದಾವಣಗೆರೆ

ಟೆಸ್ಟ್ ಮಾಡುವವನಾಗಿ ನಾಲ್ಕು ಮಾತು. ದಿನಾ ಇದೇ ಗೊಂದಲ ನೋಡ್ತೀನಿ.

ಗ್ಲೂಕೋಸನ್ನು ಸುಮಾರು 300 ಎಂಎಲ್ ನೀರಿನಲ್ಲಿ ಕರಗಿಸಿ ಐದು-ಹತ್ತು ನಿಮಿಷದೊಳಗೆ ಕುಡಿದು ಮುಗಿಸಬೇಕು. ಅರ್ಧ ಗಂಟೆ ಗುಟುಕರಿಸಿದರೆ ಲೆಕ್ಕ ತಪ್ಪುತ್ತದೆ. ಅರ್ಧ ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ದಿನ ಮಾಡಬೇಕು. ಅದರ ನಂತರ ಆದರೆ ಟೆಸ್ಟ್ ಮುಂದುವರಿಸಬಹುದು. ಎರಡು ಗಂಟೆ ಕೂತೇ ಇರಿ. ಸಂತೆಗೆ ಹೋಗಿ ಬರ್ತೀನಿ ಅಂತ ಬೇಡ. ನಡೆದರೆ ಶುಗರ್ ಇಳಿಯುತ್ತದೆ. ಇದ್ದದ್ದೂ ಕಾಣಲ್ಲ.

ಮನೆಯಿಂದ ಅಂಗಡಿಯ ಗ್ಲೂಕೋಸ್ ಪುಡಿ ತಂದು ಚಮಚದ ಲೆಕ್ಕದಲ್ಲಿ ಹಾಕಬೇಡಿ. ತೂಕ ಸರಿ ಇರಬೇಕು. ನೀರಿನಂಶ ಇರುವ ಗ್ಲೂಕೋಸ್ ಪುಡಿ ಆದರೆ 82.5 ಗ್ರಾಂ ತೂಗಿದಾಗ 75 ಗ್ರಾಂ ಗ್ಲೂಕೋಸ್ ಸಿಗುತ್ತದೆ. ಇದು ಲ್ಯಾಬ್‌ನವರ ತಲೆನೋವು, ನಿಮ್ಮದಲ್ಲ. ಕೇಳುವ ಹಕ್ಕು ಮಾತ್ರ ನಿಮಗಿದೆ.

ಕೆಲವು ಆಸ್ಪತ್ರೆಗಳು ಖಾಲಿ ಹೊಟ್ಟೆಯಲ್ಲಿ ಕರೆದು ಮೂರು ಸಲ ರಕ್ತ ತೆಗೆಯುತ್ತಾರೆ. ಅಲ್ಲಿ ಗಡಿ ಬೇರೆ. ಖಾಲಿ ಹೊಟ್ಟೆ 92, ಒಂದು ಗಂಟೆಗೆ 180, ಎರಡು ಗಂಟೆಗೆ 153. ಒಂದು ಮುಟ್ಟಿದರೂ ಶುಗರ್ ಅಂತಲೇ. ಇದು ಒಂಬತ್ತು ದೇಶಗಳ ಸುಮಾರು 23,000 ಬಸುರಿಯರನ್ನು ನೋಡಿ 2008ರಲ್ಲಿ ಹೊರಬಂದ ಅಧ್ಯಯನದ ಮೇಲೆ ನಿಂತ ಲೆಕ್ಕ. ಹಾಗಾಗಿ ಅಕ್ಕನ ರಿಪೋರ್ಟಿನ ಗಡಿಯನ್ನು ತಂಗಿಯ ರಿಪೋರ್ಟಿಗೆ ಹೊಂದಿಸಬೇಡಿ. ಯಾವ ಕ್ರಮದ ಟೆಸ್ಟ್ ಅಂತ ಕೇಳಿ.

ಇನ್ನೊಂದು. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಒಂದನ್ನೇ ನಂಬಿ ಬಸುರಿಯಲ್ಲೂ, ಹೆರಿಗೆಯಾದ ಹೊಸತರಲ್ಲೂ ಕೂರಬಾರದು. ರಕ್ತ ಕಡಿಮೆ ಇದ್ದರೆ, ಹೆರಿಗೆಯಲ್ಲಿ ರಕ್ತ ಹೋಗಿದ್ದರೆ ಅದು ದಾರಿ ತಪ್ಪಿಸುತ್ತದೆ. ಆರು ವಾರಕ್ಕೂ ಗ್ಲೂಕೋಸ್ ನೀರಿನ ಟೆಸ್ಟೇ ಸರಿ. ಆಗ ಮಾತ್ರ ಖಾಲಿ ಹೊಟ್ಟೆಯಲ್ಲಿ ಬರಬೇಕು.

ನ್ಯೂಜೆರ್ಸಿಕನ್ನಡತಿ

ಇಲ್ಲಿ ಮೊದಲು 50 ಗ್ರಾಂ ಕುಡಿಸಿ ಒಂದು ಗಂಟೆಗೆ ನೋಡುತ್ತಾರೆ. ಜಾಸ್ತಿ ಬಂದರೆ ಇನ್ನೊಂದು ದಿನ 100 ಗ್ರಾಂ, ಮೂರು ಗಂಟೆ, ನಾಲ್ಕು ಸಲ ಸೂಜಿ. ನನಗೆ ಎರಡೂ ಆಯಿತು. ಊಟದ ಪಟ್ಟಿ ಕೊಟ್ಟರು. ಅದರಲ್ಲಿ ನಾನು ತಿನ್ನುವ ಒಂದೂ ಪದಾರ್ಥ ಇರಲಿಲ್ಲ! ಮೊದಲ ವಾರ ರಾಗಿ ಒಳ್ಳೆಯದು ಅಂತ ಬೆಳಿಗ್ಗೆ ದೊಡ್ಡ ಲೋಟ ರಾಗಿ ಗಂಜಿ ಕುಡಿದೆ. ಎರಡು ಗಂಟೆಗೆ 158. ಅತ್ತುಬಿಟ್ಟೆ. ಗಂಜಿ ಮಾಡಿ ಕುಡಿದರೆ ರಾಗಿಯೂ ಬೇಗ ಏರುತ್ತದೆ ಅಂತ ಆಗ ಗೊತ್ತಾಯಿತು. ಅದೇ ರಾಗಿ ರೊಟ್ಟಿಗೆ ನುಗ್ಗೆಸೊಪ್ಪು ಹಾಕಿ, ಪಕ್ಕಕ್ಕೆ ಹೆಸರುಕಾಳು ಉಸಲಿ ಇಟ್ಟುಕೊಂಡು ತಿಂದರೆ 116. ಮೊದಲು ಕೋಸಂಬರಿ, ಪಲ್ಯ, ಆಮೇಲೆ ಸ್ವಲ್ಪ ಅನ್ನ. ಈ ಕ್ರಮ ನನಗೆ ಚೆನ್ನಾಗಿ ಹಿಡಿಯಿತು. ನಿಮ್ಮ ಮೈಗೆ ಏನು ಅಂತ ನಿಮ್ಮ ಮೀಟರೇ ಹೇಳಬೇಕು.

ಹೆರಿಗೆ ಆದ ಮೇಲೆ ಟೆಸ್ಟಿಗೆ ಬನ್ನಿ ಅಂತ ಮೂರು ಸಲ ಮೆಸೇಜ್ ಬಂತು. ಹಾಗಂತ ಇಲ್ಲಿಯೂ ಎಲ್ಲರೂ ಹೋಗುತ್ತಾರೆ ಅಂತಲ್ಲ. ನನ್ನ ಇಬ್ಬರು ಗೆಳತಿಯರು ಹೋಗಲೇ ಇಲ್ಲ.

ಏಳನೇತಿಂಗಳು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಮೀಟರ್ ತಂದೆವು. ಮುದ್ದೆ ಸಣ್ಣದು ಮಾಡಿ, ಸೊಪ್ಪಿನ ಸಾರು ಜಾಸ್ತಿ ಹಾಕಿಕೊಂಡು ತಿಂದೆ. ಎರಡು ಗಂಟೆಗೆ 124. ಒಂದು ಭಯ ಇದೆ. ಇಳಿಯದಿದ್ದರೆ ಇನ್ಸುಲಿನ್ ಅಂದಿದ್ದಾರೆ. ಒಂದು ಸಲ ಚುಚ್ಚಿಕೊಂಡರೆ ಬಿಡೋಕೆ ಆಗಲ್ಲ ಅಂತ ಅತ್ತೆ ಹೇಳ್ತಾರೆ.

ಕುಂದಾಪುರದವ

ತಂಗಿ, ನನ್ನ ಹೆಂಡತಿಗೆ 30ನೇ ವಾರದಿಂದ ಇನ್ಸುಲಿನ್ ಇತ್ತು. ದಿನಕ್ಕೆ ಎರಡು ಸಲ ನಾನೇ ಚುಚ್ಚುತ್ತಿದ್ದೆ. ಮೊದಲ ದಿನ ಅವಳಿಗಿಂತ ನನ್ನ ಕೈ ಜಾಸ್ತಿ ನಡುಗಿತ್ತು. ಹೆರಿಗೆ ದಿನ ನಿಲ್ಲಿಸಿದರು. ಆಮೇಲೆ ಒಂದು ದಿನವೂ ಬೇಕಾಗಲಿಲ್ಲ. ಬಿಡಲು ಆಗುವುದಿಲ್ಲ ಎನ್ನುವ ಮಾತು ಸುಳ್ಳು. ಫ್ರಿಜ್ಜಿನಲ್ಲಿ ಬಾಗಿಲ ಹತ್ತಿರ ಇಡಿ, ಮೇಲಿನ ಫ್ರೀಜರಿನಲ್ಲಿ ಇಡಬೇಡಿ. ಹೆಪ್ಪುಗಟ್ಟಿದರೆ ಹಾಳು.

ಗಂಡಂದಿರಿಗೆ ಒಂದು ಮಾತು. ಊಟ ಆದ ಕೂಡಲೇ ಅವಳ ಜೊತೆ ನೀವೂ ನಡೆಯಿರಿ. "ನೀನು ನಡಿ" ಅಂದರೆ ಅದು ಶಿಕ್ಷೆಯ ಹಾಗಾಗುತ್ತದೆ. ನಾವು ರಾತ್ರಿ ದೇವಸ್ಥಾನದ ರಸ್ತೆಯಲ್ಲಿ ಇಪ್ಪತ್ತು ನಿಮಿಷ ನಡೆಯುತ್ತಿದ್ದೆವು. ಮಗನಿಗೆ ಈಗ ನಾಲ್ಕು ವರ್ಷ, ಈಗಲೂ ಮೂವರೂ ನಡೆಯುತ್ತೇವೆ.

ಆಶಾಕೆಲಸ, ರಾಯಚೂರು ಜಿಲ್ಲೆ

ನಾನು ಆಶಾ ಕಾರ್ಯಕರ್ತೆ. ಸಂಪಿಗೆಮರ ಅಕ್ಕ ಹೇಳಿದ ಆ ಎರಡು ಪುಟದ ಮಾತು ನನ್ನ ಎದೆಗೆ ತಾಗಿತು. ನಮ್ಮನ್ನು ಮಗುವಿನ ಲಸಿಕೆ ಆಯಿತಾ ಅಂತ ಎಲ್ಲರೂ ಕೇಳುತ್ತಾರೆ. ಒಂದು ತಪ್ಪಿದರೂ ಮನೆಗೆ ಹೋಗಿ ಕರೆಯುತ್ತೇವೆ. ತಾಯಿಯ ಶುಗರ್ ಆಯಿತಾ ಅಂತ ನನ್ನನ್ನು ಯಾರೂ ಕೇಳಿದ ನೆನಪಿಲ್ಲ.

ಹೋದ ವರ್ಷದಿಂದ ನಾನೇ ಒಂದು ಮಾಡುತ್ತಿದ್ದೇನೆ. ಯಾರಿಗೆ 140 ದಾಟಿದೆಯೋ ಅವರ ತಾಯಿ ಕಾರ್ಡಿನಲ್ಲಿ, ಮಗುವಿನ ಒಂದೂವರೆ ತಿಂಗಳ ಲಸಿಕೆಯ ಸಾಲಿನ ಪಕ್ಕದಲ್ಲಿ ಕೆಂಪು ಪೆನ್ನಿನಲ್ಲಿ "ತಾಯಿ ಶುಗರ್" ಅಂತ ಬರೆಯುತ್ತೇನೆ. ಪೆಂಟಾ, ಪೋಲಿಯೊ ಹನಿ ಹಾಕಿಸಲು ಮಗುವನ್ನು ತಂದೇ ತರುತ್ತಾರೆ. ಅದೇ ಆರು ವಾರ ಅಲ್ವಾ? ಬಾಣಂತಿ ಹೊರಗೆ ಬರಬಾರದು ಅನ್ನುವವರೂ ಲಸಿಕೆಗೆ ಬೇಡ ಅನ್ನುವುದಿಲ್ಲ. ಹಿಂದಿನ ರಾತ್ರಿ ಫೋನ್ ಮಾಡಿ "ನಾಳೆ ಏನೂ ತಿನ್ನದೆ ಬಾ ತಂಗಿ, ನೀರು ಕುಡಿ ಸಾಕು, ಮಗುವಿಗೆ ಹಾಲು ಕೊಡು" ಅಂತ ಹೇಳುತ್ತೇನೆ. ಗ್ಲೂಕೋಸ್ ಕುಡಿದು ಕೂತ ಎರಡು ಗಂಟೆಯಲ್ಲಿ ಮಗುವಿನ ಸೂಜಿಯೂ ಮುಗಿಯುತ್ತದೆ, ಹಾಲೂ ಕುಡಿಸುತ್ತಾರೆ. ಬರುವಾಗ ಡಬ್ಬಿಯಲ್ಲಿ ರೊಟ್ಟಿ-ಪಲ್ಯ ತನ್ನಿ ಅಂತಲೂ ಹೇಳುತ್ತೇನೆ. ಎರಡನೇ ಸಲ ರಕ್ತ ಕೊಟ್ಟ ಕೂಡಲೇ ಅಲ್ಲೇ ಮರದ ಕೆಳಗೆ ಕೂತು ತಿನ್ನುತ್ತಾರೆ.

ಹೀಗೆ ಏಳು ಜನ ಮಾಡಿಸಿದರು. ಒಬ್ಬಾಕೆಗೆ ಎರಡು ಗಂಟೆಯದು 214 ಬಂತು. ಆಕೆಗೆ 24 ವರ್ಷ.

ಹಳೇಸಿಸ್ಟರ್

ಆಶಾ ತಾಯಿ, ನಿನ್ನ ಕೈಗೆ ನಮಸ್ಕಾರ. ಇಷ್ಟು ವರ್ಷ ವಾರ್ಡಿನಲ್ಲಿದ್ದೂ ನನಗೆ ಇದು ಹೊಳೆಯಲಿಲ್ಲ.

ಆರು ವಾರದ ಗಡಿಗಳನ್ನೂ ಬರೆದುಬಿಡುತ್ತೇನೆ, ಬಸಿರಿನ ಲೆಕ್ಕಕ್ಕಿಂತ ಬೇರೆ. ಖಾಲಿ ಹೊಟ್ಟೆ 126 ಅಥವಾ ಎರಡು ಗಂಟೆಗೆ 200 ಮುಟ್ಟಿದರೆ ಮಧುಮೇಹ. ಎರಡು ಗಂಟೆಯದು 140ರಿಂದ 199ರ ನಡುವೆ ಇದ್ದರೆ ಹೊಸ್ತಿಲ ಮೇಲೆ. ಅದಕ್ಕಿಂತ ಕಡಿಮೆ ಇದ್ದರೂ ಮುಗಿಯಲಿಲ್ಲ. ವರ್ಷಕ್ಕೊಂದು ಸಲ, ತೀರಾ ಅಂದರೆ ಮೂರು ವರ್ಷಕ್ಕೊಂದು ಸಲವಾದರೂ ನೋಡಿಸುತ್ತಲೇ ಇರಬೇಕು, ಜೀವನಪೂರ್ತಿ.

ಸಂಪಿಗೆಮರ

ಇಷ್ಟು ಜನ ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಸಿಸ್ಟರ್, ನನಗೆ ಎರಡು ಪ್ರಶ್ನೆ. ಆಗಲೇ ಗೊತ್ತಾಗಿದ್ದರೆ ತಡೆಯಬಹುದಿತ್ತಾ? ಎರಡನೇ ಮಗು ಬೇಕು ಅಂತ ಆಸೆ ಇದೆ. ಈಗ ಬಿಡಬೇಕಾ?

ಹಳೇಸಿಸ್ಟರ್

ಮೊದಲನೆಯದಕ್ಕೆ ಪ್ರಾಮಾಣಿಕವಾಗಿ ಹೇಳುತ್ತೇನೆ. ತಡೆಯಬಹುದಿತ್ತೋ, ಮುಂದೆ ಹಾಕಬಹುದಿತ್ತೋ, ಒಬ್ಬೊಬ್ಬರದು ಒಂದೊಂದು. ಅಮೆರಿಕದ ದೊಡ್ಡ ಅಧ್ಯಯನದಲ್ಲಿ, ಬಸಿರಲ್ಲಿ ಶುಗರ್ ಬಂದು ಆಮೇಲೆ ಹೊಸ್ತಿಲ ಮೇಲಿದ್ದ ಹೆಂಗಸರನ್ನು ನೋಡಿದ್ದಾರೆ. ವಾರಕ್ಕೆ 150 ನಿಮಿಷ ನಡಿಗೆ, ತೂಕ ನೂರಕ್ಕೆ ಏಳರಷ್ಟು ಇಳಿಸುವ ಗುರಿ. ಇದನ್ನು ಮಾಡಿದವರಲ್ಲಿ ಮೂರು ವರ್ಷದಲ್ಲಿ ಕಾಯಿಲೆ ಸುಮಾರು ಅರ್ಧಕ್ಕೆ ಇಳಿಯಿತು. ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಂಡವರಲ್ಲೂ ಹೆಚ್ಚುಕಮ್ಮಿ ಅಷ್ಟೇ. ಹೆಚ್ಚು ದಿನ ಎದೆಹಾಲು ಕೊಟ್ಟವರಲ್ಲೂ ಅಪಾಯ ಕಡಿಮೆ ಕಂಡಿದೆ. ಇದನ್ನು ನಿಮ್ಮನ್ನು ನೋಯಿಸಲು ಹೇಳುತ್ತಿಲ್ಲ. ಇಲ್ಲಿ ಓದುವ ಉಳಿದವರಿಗೆ ಇನ್ನೂ ಸಮಯ ಇದೆ.

ಎರಡನೇ ಮಗುವಿನ ಆಸೆ ಬಿಡಬೇಡಿ. ಆದರೆ ಯೋಜನೆ ಇಲ್ಲದೆ ಆಗಬಾರದು. ಮಗುವಿನ ಹೃದಯ, ಬೆನ್ನುಹುರಿ ರೂಪುಗೊಳ್ಳುವುದು ಮೊದಲ ಎಂಟು ವಾರದಲ್ಲಿ. ಮುಟ್ಟು ನಿಂತಿದೆ ಅಂತ ಗೊತ್ತಾಗುವಷ್ಟರಲ್ಲಿ ಅರ್ಧ ಕೆಲಸ ಮುಗಿದಿರುತ್ತದೆ. ಆ ಹೊತ್ತಿಗೆ ರಕ್ತದಲ್ಲಿ ಸಕ್ಕರೆ ಜಾಸ್ತಿ ಇದ್ದರೆ ಅಂಗಗಳಿಗೆ ತೊಂದರೆ ಆಗಬಹುದು. ಹಾಗಾಗಿ ಮೊದಲು ಡಾಕ್ಟರ ಹತ್ತಿರ ಹೇಳಿ. ಎಚ್‌ಬಿಎ1ಸಿ 6.5ರ ಒಳಗೆ ತನ್ನಿ. ಫೋಲಿಕ್ ಆಸಿಡ್ ಮೊದಲೇ ಶುರು ಮಾಡಿ. ಕಣ್ಣು, ಕಿಡ್ನಿ ನೋಡಿಸಿ. ಈಗ ತೆಗೆದುಕೊಳ್ಳುವ ಮಾತ್ರೆಗಳಲ್ಲಿ ಯಾವುದು ಇರಬೇಕು, ಯಾವುದು ಬೇಡ ಅಂತ ಅವರೇ ಹೇಳಲಿ. ಅಲ್ಲಿಯವರೆಗೆ ಗರ್ಭ ನಿಲ್ಲದ ಹಾಗೆ ನೋಡಿಕೊಳ್ಳಿ. ಹೀಗೆ ತಯಾರಾಗಿ ಬಂದು ಚೆನ್ನಾಗಿ ಹೆತ್ತ ಎಷ್ಟೋ ತಾಯಂದಿರನ್ನು ನಾನು ನೋಡಿದ್ದೇನೆ.

ಕಾಫಿತೋಟ, ಸಕಲೇಶಪುರ

ದೊಡ್ಡಮ್ಮ, ಕ್ಷಮಿಸಿ. ನಿಮ್ಮ ಮಾತು ಓದಿ ಎರಡು ದಿನ ಮನಸ್ಸು ಸರಿ ಇರಲಿಲ್ಲ. ರಾತ್ರಿ ಹೆಂಡತಿಯ ತಾಯಿ ಕಾರ್ಡ್ ತೆಗೆಸಿ ನೋಡಿದೆ. 146 ಅಂತ ಇದೆ. ಮಗನಿಗೆ ಮೂರು ವರ್ಷ ಆಯಿತು. ಆಮೇಲೆ ಏನೂ ಮಾಡಿಸಿಲ್ಲ. ಶನಿವಾರ ಹಾಸನಕ್ಕೆ ಕರೆದುಕೊಂಡು ಹೋಗ್ತೀನಿ.

ದೊಡ್ಡಮ್ಮ, ಉಡುಪಿ

ಕ್ಷಮೆ ಯಾಕೆ ಮಗಾ. ಹೋಗಿ ಬಾ. ಬಂದು ಏನಾಯಿತು ಅಂತ ಇಲ್ಲಿ ಬರೆ.

ಏಳನೇತಿಂಗಳು (ನಾಲ್ಕೂವರೆ ತಿಂಗಳ ನಂತರ)

ಎಲ್ಲರಿಗೂ ನಮಸ್ಕಾರ. ನೆನಪಿದೆಯಾ? ಮಗಳು ಹುಟ್ಟಿದಳು, 2.9 ಕೆಜಿ. ಇನ್ಸುಲಿನ್ ಬೇಕಾಗಲಿಲ್ಲ. ಹಿಮ್ಮಡಿ ಚುಚ್ಚಿದಾಗ ಅಮ್ಮ ಗಲಾಟೆ ಶುರು ಮಾಡಿದರು, ನಾನು ಸಿಸ್ಟರ್ ಬರೆದದ್ದನ್ನು ಓದಿ ಹೇಳಿದೆ. ಸುಮ್ಮನಾದರು.

ನಿನ್ನೆ ಅವಳ ಒಂದೂವರೆ ತಿಂಗಳ ಲಸಿಕೆ ಇತ್ತು. ರಾಯಚೂರಿನ ಅಕ್ಕ ಹೇಳಿದ ಹಾಗೆ ಖಾಲಿ ಹೊಟ್ಟೆಯಲ್ಲಿ ಹೋದೆ. ಅಲ್ಲಿ ಮೊದಲು "ಮಗುವಿನದು ಮಾತ್ರ ಇವತ್ತು" ಅಂದರು. ತಾಯಿ ಕಾರ್ಡ್ ತೆಗೆದು 152 ತೋರಿಸಿದೆ. ಆಮೇಲೆ ಮಾಡಿದರು. ಖಾಲಿ ಹೊಟ್ಟೆ 94, ಎರಡು ಗಂಟೆಗೆ 149.

ಪೂರ್ತಿ ಇಳಿದಿರುತ್ತೆ ಅಂತ ಆಸೆ ಇಟ್ಟುಕೊಂಡಿದ್ದೆ. ಬೇಜಾರಾಯಿತು. ಬರುವಾಗ ಆಟೋದಲ್ಲಿ ಸ್ವಲ್ಪ ಅತ್ತೆ. ಆದರೆ ಈಗ ಗೊತ್ತಿದೆ. ಅಮ್ಮ ಇವತ್ತು ಬೆಳಿಗ್ಗೆ ಕೊಬ್ಬರಿ-ಬೆಲ್ಲದ ಡಬ್ಬ ಎತ್ತಿ ಮೇಲಿನ ಅಟ್ಟಕ್ಕೆ ಇಟ್ಟರು. ಮೆಂತ್ಯಸೊಪ್ಪಿನ ಪಲ್ಯ ಮಾಡಿದ್ದಾರೆ.

ಸಂಪಿಗೆಮರ

ನಿನ್ನ ಹೆಸರು ನೋಡಿ ಖುಷಿಯಾಯಿತು ಪುಟ್ಟಿ. ಮುಂದಿನ ಟೆಸ್ಟ್ ಯಾವಾಗ ಅಂತ ಕೇಳಿದೆಯಾ? ಮಗಳ ಮೊದಲ ಹುಟ್ಟುಹಬ್ಬದ ವಾರ ಅಂತ ಗೋಡೆಯ ಕ್ಯಾಲೆಂಡರಿನಲ್ಲಿ ಈಗಲೇ ಬರೆದುಬಿಡು. ಹೊಸ ಕ್ಯಾಲೆಂಡರ್ ಬಂದಾಗ ಮರೆಯದೆ ಅದಕ್ಕೂ ಇಳಿಸಿಕೋ. ನನ್ನ ಎಚ್‌ಬಿಎ1ಸಿ ಈಗ 7.2ಕ್ಕೆ ಬಂದಿದೆ. ಕಾಲು ವಾಸಿಯಾಗಿದೆ.